ಮನೆಯ ಹೊರನೋಟದ ರೆಂಡರ್ ಫೋಟೊದಂತೆ ಏಕೆ ಕಾಣುವುದಿಲ್ಲ?

ಪ್ರಶ್ನೆ: ಎರಡು ಅಂತಸ್ತಿನ ಮನೆಯೊಂದನ್ನು ಸ್ಕೆಚಪ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಮಾಡಿ, ಬ್ಲೆಂಡರ್ ಎಂಬ ಇನ್ನೊಂದಕ್ಕೆ ತಂದು, ಅದರ ಸೈಕಲ್ಸ್ ಎಂಜಿನ್‌ನಲ್ಲಿ ರೆಂಡರ್ ಮಾಡುತ್ತಿದ್ದೇನೆ (ಅಂದರೆ ಬೆಳಕಿನ ಲೆಕ್ಕ ಹಾಕಿಸಿ ಚಿತ್ರ ತೆಗೆಯುತ್ತಿದ್ದೇನೆ). ಬಿಳಿ ಗೋಡೆಗಳು, ಮುಂಭಾಗದಲ್ಲಿ ಒಂದಷ್ಟು ಇಟ್ಟಿಗೆ ಕೆಲಸ, ದೊಡ್ಡ ಗಾಜಿನ ಕಿಟಕಿಗಳು, ಮುಂದೆ ಹುಲ್ಲುಹಾಸು, ಎರಡು ಮರ. ಎಲ್ಲ ಟೆಕ್ಸ್ಚರ್‌ಗಳೂ (ಮೇಲ್ಮೈಗಳಿಗೆ ಹೊದಿಸುವ ಚಿತ್ರಗಳು) 4ಕೆ, ಅಂದರೆ 4,096 ಪಿಕ್ಸೆಲ್ ಅಗಲ. ಸ್ಯಾಂಪಲ್ (ಪ್ರತಿ ಪಿಕ್ಸೆಲ್‌ಗೆ ಲೆಕ್ಕ ಹಾಕುವ ಬೆಳಕಿನ ಕಿರಣಗಳು) 2,000ಕ್ಕೆ ಏರಿಸಿದ್ದೇನೆ, ಒಂದು ಚಿತ್ರಕ್ಕೆ ಎರಡು ಗಂಟೆ ಹಿಡಿಯುತ್ತದೆ. ಆದರೂ ನೋಡಿದವರು ‘ಚೆನ್ನಾಗಿದೆ, ಆದರೆ ಕಂಪ್ಯೂಟರ್ ಚಿತ್ರ ಅಂತ ತಕ್ಷಣ ಗೊತ್ತಾಗುತ್ತೆ’ ಎನ್ನುತ್ತಾರೆ. ಗೋಡೆ ಪ್ಲಾಸ್ಟಿಕ್‌ನಂತೆ, ಕಿಟಕಿ ನೀಲಿ ಕಾಗದದಂತೆ, ಹುಲ್ಲು ಕಾರ್ಪೆಟ್‌ನಂತೆ ಕಾಣುತ್ತದೆ. ಎಚ್‌ಡಿಆರ್‌ಐ (ದೃಶ್ಯಕ್ಕೆ ಬೆಳಕು ಕೊಡುವ, ಸುತ್ತಲಿನ ಆಕಾಶದ ಫೋಟೊ) ಹಾಕಿ ನೋಡಿದೆ, ನೆರಳೇ ಮಾಯವಾಯಿತು. ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕೇ, ಬೇರೆ ಸಾಫ್ಟ್‌ವೇರ್‌ಗೆ ಹೋಗಬೇಕೇ, ಅಥವಾ ಎಐಗೆ ಕೊಟ್ಟು ನೈಜವಾಗಿ ಕಾಣುವಂತೆ ಮಾಡಿಸಬಹುದೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಚಿಂತೆಗಳು ಒಟ್ಟಿಗೆ ಸೇರಿಕೊಂಡಿವೆ. ಗೋಡೆ, ಗಾಜು, ಹುಲ್ಲು ಹುಸಿಯಾಗಿ ಕಾಣುವುದು ಒಂದು. ನೆರಳು ಕೈಕೊಡುವುದು ಇನ್ನೊಂದು. ಇದಕ್ಕೆಲ್ಲ ಹಣ ಸುರಿಯಬೇಕೇ ಎನ್ನುವುದು ಮೂರನೆಯದು. ಮೂರನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಫೋಟೊದಂಥ ಚಿತ್ರ ಕೊಡಲು ಸೈಕಲ್ಸ್ ಧಾರಾಳವಾಗಿ ಸಾಕು. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಎಡವಟ್ಟಾಗಿರುವುದು ಬೆಳಕಿನ ಪ್ರಮಾಣದಲ್ಲಿ. ಬಿಸಿಲಿಗೂ ನೆರಳಿಗೂ, ಗೋಡೆಗೂ ಹುಲ್ಲಿಗೂ, ಮನೆಯ ಹೊರಗಿಗೂ ಒಳಗಿಗೂ ನಡುವೆ ಹೊಳಪಿನ ವ್ಯತ್ಯಾಸ ಎಷ್ಟಿರಬೇಕೋ ಅಷ್ಟಿಲ್ಲ. ಆ ಲೆಕ್ಕ ತಪ್ಪಿದ್ದರೆ ಎಷ್ಟೇ ಒಳ್ಳೆಯ ಟೆಕ್ಸ್ಚರ್ ಹಾಕಿದರೂ ಕಣ್ಣು ಒಪ್ಪುವುದಿಲ್ಲ.

4ಕೆ ಮತ್ತು 2,000 ಸ್ಯಾಂಪಲ್‌ನ ಭ್ರಮೆ

ಸ್ಯಾಂಪಲ್ ಹೆಚ್ಚಿಸಿದರೆ ಚಿತ್ರದ ನಾಯ್ಸ್ (ಚುಕ್ಕೆಚುಕ್ಕೆಯ ತರಿ) ಕಡಿಮೆಯಾಗುತ್ತದೆ, ಬೇರೇನೂ ಬದಲಾಗುವುದಿಲ್ಲ. 200 ಸ್ಯಾಂಪಲ್‌ನಲ್ಲಿ ಹುಸಿಯಾಗಿ ಕಾಣುವ ಗೋಡೆ 2,000ದಲ್ಲೂ ಅಷ್ಟೇ ಹುಸಿ, ಸ್ವಲ್ಪ ನುಣುಪಾಗಿರುತ್ತದೆ ಅಷ್ಟೆ. ಹಗಲಿನ ಹೊರಾಂಗಣ ದೃಶ್ಯಕ್ಕೆ ಸಾಮಾನ್ಯವಾಗಿ 300ರಿಂದ 500 ಸ್ಯಾಂಪಲ್, ಜೊತೆಗೆ ಉಳಿದ ನಾಯ್ಸ್ ಅಳಿಸುವ ಡಿನಾಯ್ಸರ್ ಇದ್ದರೆ ಕೆಲಸ ಮುಗಿಯುತ್ತದೆ. ಅದಕ್ಕಿಂತ ತೀರ ಕಡಿಮೆ ಇಟ್ಟು ಡಿನಾಯ್ಸರ್ ಮೇಲೇ ಭಾರ ಹಾಕಿದರೆ ಎಲೆಗಳೂ ಗಾರೆಯ ತರಿಯೂ ಕಲಸಿಹೋಗುತ್ತವೆ. ಗೋಡೆ ಪ್ಲಾಸ್ಟಿಕ್‌ನಂತೆ ಕಾಣಲು ಇದೂ ಒಂದು ಕಾರಣ. ಡಿನಾಯ್ಸರ್‌ಗೆ ಆಲ್ಬೆಡೊ (ಮೇಲ್ಮೈಯ ಮೂಲ ಬಣ್ಣ) ಮತ್ತು ನಾರ್ಮಲ್ (ಮೇಲ್ಮೈ ಮುಖಮಾಡಿದ ದಿಕ್ಕು) ಎರಡೂ ಪಾಸ್ ಸಿಗುವಂತೆ ಇಡಿ.

ಟೆಕ್ಸ್ಚರ್‌ಗೂ ಒಂದು ಸರಳ ಲೆಕ್ಕವಿದೆ. ನಿಮ್ಮ ಚಿತ್ರದ ಅಗಲ 3,840 ಪಿಕ್ಸೆಲ್, ಅದರಲ್ಲಿ ಕಾಣುವುದು 15 ಮೀಟರ್ ಅಗಲದ ದೃಶ್ಯ ಎಂದಿಟ್ಟುಕೊಳ್ಳಿ. ಆಗ ಒಂದು ಮೀಟರ್ ಗೋಡೆಗೆ ಸಿಗುವುದು 256 ಪಿಕ್ಸೆಲ್, ಅಂದರೆ ಒಂದು ಪಿಕ್ಸೆಲ್‌ಗೆ ಸುಮಾರು 4 ಮಿ.ಮೀ. ಗೋಡೆ. ಎರಡು ಮೀಟರ್ ಜಾಗ ಮುಚ್ಚುವ 4ಕೆ ಟೆಕ್ಸ್ಚರ್‌ನಲ್ಲಿ ಮೀಟರ್‌ಗೆ 2,048 ಪಿಕ್ಸೆಲ್ ಇರುತ್ತದೆ. ಬೇಕಾದ್ದಕ್ಕಿಂತ ಎಂಟು ಪಟ್ಟು ಹೆಚ್ಚು! ಅದರಲ್ಲಿ ಬಹುಪಾಲು ಕಣ್ಣಿಗೆ ಕಾಣುವುದೇ ಇಲ್ಲ, ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ ಮಾತ್ರ ತಿನ್ನುತ್ತದೆ. ಅದೇ ಎರಡು ಮೀಟರ್ ಟೆಕ್ಸ್ಚರ್ ಹತ್ತು ಮೀಟರ್ ಗೋಡೆಯ ಮೇಲೆ ಐದು ಸಲ ಮರುಕಳಿಸುತ್ತದಲ್ಲ, ಅದು ಮಾತ್ರ ಎದ್ದು ಕಾಣುತ್ತದೆ. 2ಕೆ ಟೆಕ್ಸ್ಚರ್ ಇಟ್ಟು ಅದು ಮರುಕಳಿಸದಂತೆ ನೋಡಿಕೊಂಡರೆ ಗೋಡೆ ಹೆಚ್ಚು ನಿಜ ಅನ್ನಿಸುತ್ತದೆ.

ಮೊದಲು ಬಣ್ಣ ಕಳಚಿ ನೋಡಿ

ಎಲ್ಲ ಮೆಟೀರಿಯಲ್‌ಗಳ ಬದಲಿಗೆ ಒಂದೇ ಬೂದು ಬಣ್ಣ ಹಾಕಿ ರೆಂಡರ್ ಮಾಡಿ. ಆ ಬೂದಿನ ಪ್ರತಿಫಲನ 0.5 ಇರಲಿ. ಬಣ್ಣ ಆರಿಸುವ ಪೆಟ್ಟಿಗೆಯಲ್ಲಿ 0–255ರ ಅಳತೆಯಲ್ಲಿ ಅದು 188, 128 ಅಲ್ಲ (128 ಇಟ್ಟರೆ ಪ್ರತಿಫಲನ 0.22ಕ್ಕೆ ಇಳಿಯುತ್ತದೆ). ಗಾಜನ್ನು ಈ ಬದಲಾವಣೆಯಿಂದ ಹೊರಗಿಡಿ, ಇಲ್ಲದಿದ್ದರೆ ಕಿಟಕಿಗಳು ಮುಚ್ಚಿಹೋಗಿ ಒಳಗೆ ಕತ್ತಲಾಗುತ್ತದೆ. ಈ ಬೂದು ಚಿತ್ರ ಬಿಸಿಲಿನಲ್ಲಿಟ್ಟ ಒಂದು ಮಾದರಿಯ ಫೋಟೊದಂತೆ ಕಾಣಬೇಕು. ಕಾಣದಿದ್ದರೆ ಮುಂದಿನ ಹೆಜ್ಜೆಗೆ ಹೋಗಬೇಡಿ.

ಈ ಹಂತದಲ್ಲೇ ಮಾಡೆಲ್‌ನ ದೋಷಗಳೂ ಸಿಗುತ್ತವೆ. ಸ್ಕೆಚಪ್‌ನಿಂದ ಬಂದ ಫೈಲ್‌ನಲ್ಲಿ ಅಳತೆ ಹಲವು ಸಲ ಹಾಳಾಗಿರುತ್ತದೆ, ಆದ್ದರಿಂದ ಮೊದಲು ಒಂದು ಬಾಗಿಲಿನ ಎತ್ತರ ಅಳೆಯಿರಿ. ಅದು 2.1 ಮೀಟರ್ ಆಸುಪಾಸಿನಲ್ಲಿರಬೇಕು. 210 ಅಥವಾ 0.05 ಬಂದರೆ ಬೆವೆಲ್ (ಅಂಚಿನ ದುಂಡು), ಬಂಪ್ (ಮೇಲ್ಮೈಯ ಉಬ್ಬುತಗ್ಗು), ಮಂಜು, ಹುಲ್ಲಿನ ಉದ್ದ ಎಲ್ಲವೂ ತಪ್ಪುತ್ತವೆ. ಆಮೇಲೆ ಬ್ಲೆಂಡರ್‌ನಲ್ಲಿ ಫೇಸ್ ಓರಿಯೆಂಟೇಶನ್ ಹಾಕಿ ನೋಡಿ. ಹೊರಮೈ ನೀಲಿ ಕಾಣಬೇಕು. ಕೆಂಪು ಕಂಡಲ್ಲಿ ಮೇಲ್ಮೈ ತಿರುಗಿದೆ. ಗೋಡೆಗೆ ಇದರಿಂದ ಅಷ್ಟು ತೊಂದರೆಯಿಲ್ಲ, ಗಾಜಿಗೆ ಬಹಳ ತೊಂದರೆ. ಒಂದೇ ಜಾಗದಲ್ಲಿ ಎರಡು ಮೇಲ್ಮೈ ಅಂಟಿಕೊಂಡಿದ್ದರೆ ಅಲ್ಲಿ ಕಪ್ಪು ಕಲೆಗಳು ಬರುತ್ತವೆ. ಒಂದನ್ನು ಅಳಿಸಿ.

ಬಿಸಿಲು, ನೆರಳು, ಎಚ್‌ಡಿಆರ್‌ಐ

ತಿಳಿಯಾದ ಹಗಲಿನಲ್ಲಿ, ಸೂರ್ಯ ಸಾಕಷ್ಟು ಮೇಲಿದ್ದಾಗ, ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಇರುತ್ತದೆ. ಬರೀ ಆಕಾಶದ ಬೆಳಕು ಬೀಳುವ ತೆರೆದ ನೆರಳಿನಲ್ಲಿ 10ರಿಂದ 20 ಸಾವಿರ. ನೆಲದಿಂದ ಪುಟಿದ ಬೆಳಕನ್ನೂ ಸೇರಿಸಿದರೆ ಬಿಸಿಲಿನ ಗೋಡೆಗೂ ನೆರಳಿನ ಗೋಡೆಗೂ ನಡುವೆ ಸಾಮಾನ್ಯವಾಗಿ 4ರಿಂದ 8 ಪಟ್ಟು ವ್ಯತ್ಯಾಸ ಇರುತ್ತದೆ. ಬ್ಲೆಂಡರ್‌ನಲ್ಲಿ ರೆಂಡರ್ ಆದ ಚಿತ್ರದ ಮೇಲೆ ಮೌಸ್‌ನ ಬಲ ಬಟನ್ ಒತ್ತಿ ಹಿಡಿದರೆ ಆ ಜಾಗದ ಆರ್‌ಜಿಬಿ ಸಂಖ್ಯೆಗಳು ಕೆಳಗೆ ಕಾಣುತ್ತವೆ. ಬೂದು ಚಿತ್ರದಲ್ಲಿ ಬಿಸಿಲಿನ ಗೋಡೆಯ ಸಂಖ್ಯೆಯನ್ನು ನೆರಳಿನ ಗೋಡೆಯ ಸಂಖ್ಯೆಯಿಂದ ಭಾಗಿಸಿ. ಉತ್ತರ 2 ಬಂದರೆ ಚಿತ್ರ ಸಪ್ಪೆ. 20 ಬಂದರೆ ಚಂದ್ರನ ಮೇಲೆ ತೆಗೆದ ಫೋಟೊದಂತೆ ಇರುತ್ತದೆ.

ನೀವು ಹಾಕಿದ ಎಚ್‌ಡಿಆರ್‌ಐನಲ್ಲಿ ನೆರಳು ಮಾಯವಾದದ್ದಕ್ಕೆ ಕಾರಣವೂ ಇಲ್ಲೇ ಇದೆ. ಸೂರ್ಯನ ಬಿಂಬ ಸುತ್ತಲಿನ ನೀಲಿ ಆಕಾಶಕ್ಕಿಂತ ಲಕ್ಷಗಟ್ಟಲೆ ಪಟ್ಟು ಪ್ರಕಾಶಮಾನ. ಎಚ್‌ಡಿಆರ್‌ಐ ತಯಾರಿಸುವಾಗ ಸಾಕಷ್ಟು ಕಡಿಮೆ ಎಕ್ಸ್‌ಪೋಷರ್‌ನ ಚಿತ್ರಗಳನ್ನು ಸೇರಿಸದಿದ್ದರೆ ಆ ಬಿಂಬದ ಶಕ್ತಿ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಹಿನ್ನೆಲೆಯಲ್ಲಿ ಸೂರ್ಯ ಕಾಣುತ್ತಾನೆ, ಆದರೆ ನೆರಳು ಬೀಳಿಸುವಷ್ಟು ಬೆಳಕು ಅವನಲ್ಲಿ ಉಳಿದಿರುವುದಿಲ್ಲ. ಮೋಡ ಕವಿದ ದಿನದ ಎಚ್‌ಡಿಆರ್‌ಐ ಆಗಿದ್ದರಂತೂ ನೆರಳನ್ನು ನಿರೀಕ್ಷಿಸುವಂತೆಯೇ ಇಲ್ಲ. ಇದಕ್ಕೆ ಎರಡು ದಾರಿಗಳಿವೆ.

ಒಂದು, ಎಚ್‌ಡಿಆರ್‌ಐ ಬಿಟ್ಟು ಬ್ಲೆಂಡರ್‌ನ ಸ್ಕೈ ಟೆಕ್ಸ್ಚರ್ ಬಳಸುವುದು. ಅದರಲ್ಲಿ ಸೂರ್ಯ ಮತ್ತು ಆಕಾಶದ ಪ್ರಮಾಣ ಭೌತಿಕವಾಗಿ ಸರಿಯಿರುತ್ತದೆ. ಹಾಕಿದ ಕೂಡಲೇ ಚಿತ್ರ ಬೆಳ್ಳಗೆ ಸುಟ್ಟುಹೋದಂತೆ ಕಾಣುತ್ತದೆ. ಆಗ ಹಲವರು ಸೂರ್ಯನ ತೀವ್ರತೆಯನ್ನಷ್ಟೇ ಇಳಿಸಿಬಿಡುತ್ತಾರೆ, ಅಲ್ಲಿಗೆ ಪ್ರಮಾಣ ಕೆಟ್ಟಿತು. ಸನ್ ಇಂಟೆನ್ಸಿಟಿಯನ್ನು 1ರಲ್ಲೇ ಬಿಟ್ಟು, ಒಟ್ಟು ಸ್ಟ್ರೆಂತ್ ಅಥವಾ ಕಲರ್ ಮ್ಯಾನೇಜ್‌ಮೆಂಟ್‌ನ ಎಕ್ಸ್‌ಪೋಷರ್ ಇಳಿಸಿ. ಈ ದಾರಿಯ ಕೊರತೆ ಎಂದರೆ ಮೋಡಗಳಿಲ್ಲದ ಖಾಲಿ ಆಕಾಶ. ಗಾಜಿನಲ್ಲಿ ಅದು ಬೋಳಾಗಿ ಪ್ರತಿಫಲಿಸುತ್ತದೆ.

ಇನ್ನೊಂದು, ಎಚ್‌ಡಿಆರ್‌ಐ ಉಳಿಸಿಕೊಂಡು ಜೊತೆಗೆ ಒಂದು ಸನ್ ಲೈಟ್ ಸೇರಿಸುವುದು. ಇದರಲ್ಲಿ ಮೋಡಗಳೂ ಸಿಗುತ್ತವೆ, ನೆರಳೂ ಸಿಗುತ್ತದೆ. ಅಪಾಯವಿರುವುದು ದಿಕ್ಕಿನಲ್ಲಿ. ಎಚ್‌ಡಿಆರ್‌ಐನಲ್ಲಿ ಸೂರ್ಯ ಎಡಕ್ಕಿದ್ದು ಸನ್ ಲೈಟ್ ಬಲದಿಂದ ಬಂದರೆ ಗಾಜಿನ ಹೊಳಪು ಒಂದು ಕಡೆ, ನೆರಳು ಇನ್ನೊಂದು ಕಡೆ ಆಗುತ್ತದೆ. ನೋಡುವವರಿಗೆ ಕಾರಣ ಹೇಳಲು ಬರುವುದಿಲ್ಲ, ಏನೋ ಸರಿಯಿಲ್ಲ ಎಂದು ಮಾತ್ರ ಅನ್ನಿಸುತ್ತದೆ. ಎರಡನ್ನೂ ಒಂದೇ ದಿಕ್ಕಿಗೆ, ಒಂದೇ ಎತ್ತರಕ್ಕೆ ಹೊಂದಿಸಿ, ಮೇಲಿನ 4–8ರ ಭಾಗಾಕಾರ ಸಿಗುವವರೆಗೆ ಸನ್ ಲೈಟ್‌ನ ಬಲ ತಿದ್ದಿ. ನಿಮ್ಮ ಮನೆಗೆ ನಾನು ಈ ದಾರಿಯನ್ನೇ ಸೂಚಿಸುತ್ತೇನೆ, ದೊಡ್ಡ ಗಾಜುಗಳಿಗೆ ಮೋಡವಿರುವ ಆಕಾಶ ಬೇಕೇ ಬೇಕು.

ನೆರಳಿನ ಅಂಚನ್ನೂ ಮರೆಯಬೇಡಿ. ಭೂಮಿಯಿಂದ ನೋಡಿದಾಗ ಸೂರ್ಯನ ಬಿಂಬ ಸುಮಾರು 0.53 ಡಿಗ್ರಿ ಅಗಲ. ಹಾಗಾಗಿ ನೆರಳು ಬೀಳಿಸುವ ವಸ್ತು ದೂರವಾದಷ್ಟೂ ನೆರಳಿನ ಅಂಚು ಮಸುಕಾಗುತ್ತದೆ. ಲೆಕ್ಕ ಸುಲಭ: ದೂರವನ್ನು 108ರಿಂದ ಭಾಗಿಸಿ. ಗೋಡೆಯಿಂದ 60 ಸೆಂ.ಮೀ. ದೂರದ ಸಜ್ಜಾದ ನೆರಳಿನ ಅಂಚು ಸುಮಾರು 5–6 ಮಿ.ಮೀ. ಮಸುಕು, ಮೂರು ಮೀಟರ್ ದೂರದ ಸೂರಿನದು ಸುಮಾರು 28 ಮಿ.ಮೀ., ಹತ್ತು ಮೀಟರ್ ದೂರದ ಕೊಂಬೆಯದು 9 ಸೆಂ.ಮೀ. ಹೀಗೆ ಒಂದೇ ಗೋಡೆಯ ಮೇಲೆ ಚೂಪು ನೆರಳೂ ಮೃದು ನೆರಳೂ ಒಟ್ಟಿಗೆ ಇದ್ದರೆ ಕಣ್ಣು ಅದನ್ನು ಬಿಸಿಲೆಂದು ನಂಬುತ್ತದೆ. ಸನ್ ಲೈಟ್‌ನ ಆ್ಯಂಗಲ್ 0 ಇದ್ದರೆ ಎಲ್ಲ ನೆರಳೂ ಬ್ಲೇಡಿನಲ್ಲಿ ಕತ್ತರಿಸಿದಂತಿರುತ್ತದೆ. ‘ಮೃದುವಾಗಿರಲಿ’ ಎಂದು 5 ಡಿಗ್ರಿ ಇಟ್ಟರೆ ಸಜ್ಜಾದ ನೆರಳೂ ಕರಗಿಹೋಗುತ್ತದೆ. 0.53 ಇಡಿ. ವಿ-ರೇ ಎಂಬ ಇನ್ನೊಂದು ರೆಂಡರರ್‌ನಲ್ಲಿ ಇದೇ ಕೆಲಸ ಮಾಡುವ ಸೈಜ್ ಮಲ್ಟಿಪ್ಲೈಯರ್‌ಗೆ 1 ಎಂದರೆ ನಿಜ ಗಾತ್ರ.

ಸೂರ್ಯನ ದಿಕ್ಕು ಕ್ಯಾಮೆರಾದ ಬೆನ್ನ ಹಿಂದೆಯೇ ಬೇಡ, ಗೋಡೆಗಳೆಲ್ಲ ಚಪ್ಪಟೆಯಾಗುತ್ತವೆ. ಬದಿಗೆ 40–60 ಡಿಗ್ರಿ ಸರಿಸಿ, ದಿಗಂತದಿಂದ 25–45 ಡಿಗ್ರಿ ಎತ್ತರದಲ್ಲಿಡಿ. ಮನೆಯ ಒಂದು ಮುಖ ಬಿಸಿಲಿನಲ್ಲಿ, ಇನ್ನೊಂದು ನೆರಳಿನಲ್ಲಿ ಇರಲಿ.

ಕೊನೆಯದಾಗಿ ವ್ಯೂ ಟ್ರಾನ್ಸ್‌ಫಾರ್ಮ್, ಅಂದರೆ ಲೆಕ್ಕ ಹಾಕಿದ ಬೆಳಕನ್ನು ಪರದೆಯ ಬಣ್ಣಗಳಾಗಿ ಬದಲಿಸುವ ಕ್ರಮ. ಅದು ಸ್ಟ್ಯಾಂಡರ್ಡ್‌ನಲ್ಲಿದ್ದರೆ ಬಿಸಿಲಿನ ಬಿಳಿ ಗೋಡೆ ಏಕಾಏಕಿ ಕಾಗದದ ಬಿಳಿಗೆ ತಿರುಗಿ ವಿವರಗಳು ಅಳಿಸಿಹೋಗುತ್ತವೆ. ಬ್ಲೆಂಡರ್ 4.0ರಿಂದ ಎಜಿಎಕ್ಸ್ ಮೊದಲೇ ಆಯ್ಕೆಯಾಗಿ ಬರುತ್ತದೆ, ಅದನ್ನೇ ಇಡಿ. ಹಳೆಯ ಆವೃತ್ತಿಯಲ್ಲಿದ್ದರೆ ಫಿಲ್ಮಿಕ್. ಎರಡೂ ಮೊದಲ ನೋಟಕ್ಕೆ ಸ್ವಲ್ಪ ಮಂಕೆನಿಸುತ್ತವೆ. ಕಾಂಟ್ರಾಸ್ಟ್ ಅನ್ನು ಲುಕ್ ಆಯ್ಕೆಯಲ್ಲಿ ಒಂದು ಹೆಜ್ಜೆ ಏರಿಸಿದರೆ ಸಾಕು.

ಬಿಳಿ ಗೋಡೆ ಅಷ್ಟು ಬಿಳಿಯಲ್ಲ

ಗೋಡೆಗೆ 255, 255, 255 ಕೊಟ್ಟಿದ್ದೀರಿ ಎಂದು ನನ್ನ ಊಹೆ. ಜಗತ್ತಿನಲ್ಲಿ ಹಾಗೆ ಬಿದ್ದ ಬೆಳಕನ್ನೆಲ್ಲ ಹಿಂದಿರುಗಿಸುವ ಬಣ್ಣವಿಲ್ಲ. ಒಳ್ಳೆಯ ಬಿಳಿ ಪೇಂಟ್ ಸುಮಾರು 80% ಬೆಳಕನ್ನು ಪ್ರತಿಫಲಿಸುತ್ತದೆ. 0–255ರ ಅಳತೆಯಲ್ಲಿ ಅದು 231. ಈ ವ್ಯತ್ಯಾಸ ಸಣ್ಣದೆನಿಸಬಹುದು, ಆದರೆ ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿಯುತ್ತಾ ಹೋಗುತ್ತದೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ 0.8 ಪ್ರತಿಫಲನದ ಗೋಡೆಗಳು ಬೆಳಕನ್ನು ಒಟ್ಟು 5 ಪಟ್ಟು ಹೆಚ್ಚಿಸುತ್ತವೆ, 0.95ರ ಗೋಡೆಗಳು 20 ಪಟ್ಟು. ನಿಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ ನಿಜ. ಆದರೂ ಸಜ್ಜಾದ ಕೆಳಗೆ, ಬಾಲ್ಕನಿಯ ಒಳಗೆ, ಎರಡು ಗೋಡೆ ಸೇರುವ ಮೂಲೆಯಲ್ಲಿ ಇದೇ ಪರಿಣಾಮ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಮೂಲೆಗಳು ಕಪ್ಪಾಗಬೇಕಾದಲ್ಲಿ ಬೆಳಗಿಬಿಡುತ್ತವೆ, ಆಕಾರ ಕರಗುತ್ತದೆ. ಕಪ್ಪು ಬಣ್ಣಕ್ಕೂ ಇದೇ ಮಾತು: 0 ಎಂದೂ ಬೇಡ, 55ರಿಂದ ಕೆಳಗೆ ಹೋಗುವುದು ಅಪರೂಪವಾಗಿರಲಿ. ಕಿಟಕಿಯ ಕಪ್ಪು ಚೌಕಟ್ಟಿಗೂ 55–60 ಸರಿಹೋಗುತ್ತದೆ.

ಬಣ್ಣ ಸರಿಯಾದ ಮೇಲೆ ಅಂಚುಗಳು. ಸ್ಕೆಚಪ್‌ನಿಂದ ಬಂದ ಗೋಡೆಯ ಮೂಲೆ ಗಣಿತದ ಗೆರೆ, ಅದಕ್ಕೆ ದಪ್ಪವೇ ಇಲ್ಲ. ನಿಜವಾದ ಗಾರೆಯ ಮೂಲೆ 3–5 ಮಿ.ಮೀ. ದುಂಡಗಿರುತ್ತದೆ, ಮರದ ಚೌಕಟ್ಟಿನದು 1–2 ಮಿ.ಮೀ., ಕಾಂಕ್ರೀಟ್ ಅಂಚಿನದು ಇನ್ನೂ ಹೆಚ್ಚು. ನಿಮ್ಮ ಚಿತ್ರದಲ್ಲಿ ಒಂದು ಪಿಕ್ಸೆಲ್ 4 ಮಿ.ಮೀ. ಆದ್ದರಿಂದ ಆ ದುಂಡು ಒಂದೇ ಪಿಕ್ಸೆಲ್‌ನಷ್ಟು. ಆದರೂ ಆ ಒಂದು ಪಿಕ್ಸೆಲ್ ಬೆಳಕು ಹಿಡಿದು ಅಂಚಿನುದ್ದಕ್ಕೂ ತೆಳು ಹೊಳಪಿನ ಗೆರೆ ಎಳೆಯುತ್ತದೆ, ಗೋಡೆಗೆ ತೂಕ ಬರುತ್ತದೆ. ಸ್ಕೆಚಪ್ ಮೆಶ್ ತ್ರಿಕೋನಗಳ ಗೊಂದಲವಾಗಿರುವುದರಿಂದ ಬೆವೆಲ್ ಮಾಡಿಫೈಯರ್ ಅದರ ಮೇಲೆ ಹಲವು ಸಲ ಒಡೆಯುತ್ತದೆ. ಆಗ ಮೆಟೀರಿಯಲ್‌ನೊಳಗೆ ಬೆವೆಲ್ ನೋಡ್ ಹಾಕಿ, ತ್ರಿಜ್ಯ 0.004 ಮೀಟರ್ ಕೊಡಿ, ಅದರ ಔಟ್‌ಪುಟ್ ಅನ್ನು ನಾರ್ಮಲ್‌ಗೆ ಜೋಡಿಸಿ. ಇದು ಸೈಕಲ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ, ರೆಂಡರ್ ಸಮಯ ಸ್ವಲ್ಪ ಏರುತ್ತದೆ. ಹತ್ತಿರದಿಂದ ನೋಡುವ ಅಂಚುಗಳಿಗೆ ಮಾತ್ರ ನಿಜವಾದ ಬೆವೆಲ್ ಮಾಡಿ.

ಗಾರೆ ಎಂದೂ ಸಪಾಟಾಗಿರುವುದಿಲ್ಲ. ಒಂದೆರಡು ಮೀಟರ್‌ಗೆ 2–3 ಮಿ.ಮೀ. ಏರಿಳಿತ ಒಳ್ಳೆಯ ಕೆಲಸದಲ್ಲೂ ಇರುತ್ತದೆ, ಬಿಸಿಲು ಗೋಡೆಗೆ ಓರೆಯಾಗಿ ಬಿದ್ದಾಗ ಅದು ಕಾಣುತ್ತದೆ. ಸಣ್ಣ ತರಿಯ ಬಂಪ್ ಜೊತೆಗೆ ಒಂದು ಮೀಟರ್ ಅಳತೆಯ ದೊಡ್ಡ, ಬಹಳ ದುರ್ಬಲ ನಾಯ್ಸ್ ಸೇರಿಸಿ. ರಫ್‌ನೆಸ್ (ಒರಟುತನ; ಹೆಚ್ಚಿದಷ್ಟೂ ಹೊಳಪು ಕಡಿಮೆ) ಇಡೀ ಗೋಡೆಗೆ ಒಂದೇ ಸಂಖ್ಯೆ ಬೇಡ, 0.75ರಿಂದ 0.9ರ ನಡುವೆ ಆಡಲಿ. ರಫ್‌ನೆಸ್ ಮತ್ತು ನಾರ್ಮಲ್ ಮ್ಯಾಪ್‌ಗಳ ಕಲರ್ ಸ್ಪೇಸ್ ನಾನ್-ಕಲರ್ ಆಗಿದೆಯೇ ಎಂದು ಒಂದೊಂದಾಗಿ ನೋಡಿ. ಎಸ್‌ಆರ್‌ಜಿಬಿಯಲ್ಲಿ ಉಳಿದಿದ್ದರೆ ಸಾಫ್ಟ್‌ವೇರ್ ರಫ್‌ನೆಸ್ ಅನ್ನು ಇರುವುದಕ್ಕಿಂತ ಕಡಿಮೆ ಎಂದು ಓದುತ್ತದೆ, ಗೋಡೆ ಬೇಡದ ಹೊಳಪು ಪಡೆಯುತ್ತದೆ. ‘ಪ್ಲಾಸ್ಟಿಕ್‌ನಂತೆ’ ಎನ್ನುವ ದೂರಿನ ಹಿಂದೆ ಹಲವು ಸಲ ಇದೊಂದೇ ಕಾರಣ ಇರುತ್ತದೆ.

ಇಟ್ಟಿಗೆಯ ಭಾಗಕ್ಕೆ ಇನ್ನೂ ಎರಡು ಪರೀಕ್ಷೆ ಮಾಡಿ. ಬೆಳಕು ಮೇಲಿನಿಂದ ಬರುವಾಗ ಇಟ್ಟಿಗೆಗಳ ನಡುವಿನ ಸಂದು ಒಳಗೆ ಹೋದಂತೆ ಕಾಣುತ್ತದೆಯೋ ಉಬ್ಬಿದಂತೆಯೋ? ಉಬ್ಬಿದ್ದರೆ ನಿಮ್ಮ ನಾರ್ಮಲ್ ಮ್ಯಾಪ್ ಡೈರೆಕ್ಟ್‌ಎಕ್ಸ್ ಮಾದರಿಯದು, ಬ್ಲೆಂಡರ್‌ಗೆ ಬೇಕಿರುವುದು ಓಪನ್‌ಜಿಎಲ್ ಮಾದರಿ. ಹಸಿರು ಚಾನೆಲ್ ತಿರುಗಿಸಿದರೆ ಸರಿಯಾಗುತ್ತದೆ. ಎರಡನೆಯದು ಕಟ್ಟಡದ ತರ್ಕ. ಮೂಲೆಯಲ್ಲಿ ಇಟ್ಟಿಗೆ ತಿರುಗಬೇಕು: ಒಂದು ಮುಖದಲ್ಲಿ ಅದರ ಉದ್ದ ಕಂಡರೆ ಪಕ್ಕದ ಮುಖದಲ್ಲಿ ಅದೇ ವರಸೆಯಲ್ಲಿ ಅದರ ಅಗಲ ಕಾಣಬೇಕು. ಕಿಟಕಿಯ ಮೇಲಂಚು, ಕೆಳ ಅಂಚು ವರಸೆಯ ಸಂದಿಗೆ ಸರಿಯಾಗಿ ಬರಬೇಕು. ಅರ್ಧ ಇಟ್ಟಿಗೆಯ ದಪ್ಪವನ್ನು ಸೀಳಿಕೊಂಡು ಕಿಟಕಿ ನಿಂತಿದ್ದರೆ ಇಡೀ ಗೋಡೆ ವಾಲ್‌ಪೇಪರ್ ಆಗಿಬಿಡುತ್ತದೆ. ಟೆಕ್ಸ್ಚರ್‌ನ ಗಾತ್ರ, ಸ್ಥಾನ ಸ್ವಲ್ಪ ಹೊಂದಿಸಿದರೆ ಇದು ಹತ್ತು ನಿಮಿಷದ ಕೆಲಸ.

ಕೊಳೆ, ಕಲೆ ಹಾಕುವ ವಿಷಯದಲ್ಲಿ ಸಂಯಮ ಬೇಕು. ಎಲ್ಲ ಮೂಲೆಗಳಿಗೂ ಆ್ಯಂಬಿಯೆಂಟ್ ಆಕ್ಲೂಶನ್ (ಸಂದುಮೂಲೆಗಳ ಕೃತಕ ನೆರಳು) ಬಳಿದು ಕಪ್ಪು ಮಾಡಿದರೆ ಹಳೆಯ ವಿಡಿಯೊ ಗೇಮ್ ನೆನಪಾಗುತ್ತದೆ. ಗೋಡೆಯ ಕಲೆಗಳಲ್ಲಿ ಹೆಚ್ಚಿನವು ನೀರಿನಿಂದ ಬರುವಂಥವು. ಹಾಗಾಗಿ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಯೋಚಿಸಿ. ಕಿಟಕಿಯ ಕೆಳಪಟ್ಟಿಯ ಎರಡು ತುದಿಗಳಿಂದ ಕೆಳಗಿಳಿಯುವ ಗೆರೆ, ಪ್ಯಾರಪೆಟ್‌ನ ತಲೆ, ನೆಲದಿಂದ 20–40 ಸೆಂ.ಮೀ. ವರೆಗೆ ಮಳೆಹನಿ ಸಿಡಿಸಿದ ಮಣ್ಣಿನ ಛಾಯೆ, ಇಷ್ಟೇ ಜಾಗ. ಹೊಸ ಮನೆಯೆಂದು ತೋರಿಸುವುದಾದರೆ ಗೋಡೆಯ ಹೊಳಪಿನಲ್ಲಿ 3–5% ವ್ಯತ್ಯಾಸ ಸಾಕು, ನೋಡುವವರಿಗೆ ‘ಕೊಳೆ’ ಎಂದು ಹೆಸರಿಸಲು ಆಗಬಾರದು.

ಕಿಟಕಿ

ನೀಲಿ ಕಾಗದದಂತೆ ಕಾಣುವ ಗಾಜಿಗೆ ಪರಿಹಾರ ಗಾಜಿನ ಮೆಟೀರಿಯಲ್‌ನಲ್ಲಿ ಇರುವುದು ಕಡಿಮೆ. ಅದರ ಹಿಂದೆ ಮುಂದೆ ಏನಿದೆ ಎಂಬುದರಲ್ಲೇ ಹೆಚ್ಚು.

ಗಾಜನ್ನು ನೇರವಾಗಿ ನೋಡಿದಾಗ ಒಂದು ಮೇಲ್ಮೈ ಸುಮಾರು 4% ಬೆಳಕನ್ನು ಪ್ರತಿಫಲಿಸುತ್ತದೆ. ಒಂದು ಹಾಳೆಗೆ ಎರಡು ಮೇಲ್ಮೈ, ಹಾಗಾಗಿ ಸುಮಾರು 8%. ಓರೆಯಾಗಿ ನೋಡಿದಷ್ಟೂ ಇದು ಏರುತ್ತದೆ. 8% ಕಡಿಮೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: ಆಕಾಶದ ಹೊಳಪು ಚದರ ಮೀಟರ್‌ಗೆ 5,000 ಕ್ಯಾಂಡೆಲಾ ಎಂದಿಟ್ಟರೆ ಪ್ರತಿಫಲನ 400. ಕೋಣೆಯ ಒಳಗೆ, ಕಿಟಕಿಯಿಂದ ದೂರದ ಗೋಡೆಯ ಮೇಲೆ 200 ಲಕ್ಸ್ ಬೆಳಕಿದ್ದರೆ ಅದರ ಹೊಳಪು ಸುಮಾರು 30. ಪ್ರತಿಫಲನವೇ ಹತ್ತು ಪಟ್ಟಿಗಿಂತ ಹೆಚ್ಚು! ಹಗಲಿನಲ್ಲಿ ಹೊರಗಿನಿಂದ ಮನೆಯೊಳಗು ಕಾಣದಿರುವುದಕ್ಕೆ ಇದೇ ಕಾರಣ. ಗಾಜಿಗೆ ತಾಗಿದಂತಿರುವ ಪರದೆಯ ಮೇಲೆ ಮಾತ್ರ ಸಾವಿರಾರು ಲಕ್ಸ್ ಬೀಳುತ್ತದೆ, ಅದು ಕಾಣುತ್ತದೆ. ಆದ್ದರಿಂದ ಒಳಗೆ ಪೀಠೋಪಕರಣ ತುಂಬುವ ಶ್ರಮ ಹಗಲಿನ ಚಿತ್ರಕ್ಕೆ ಹೆಚ್ಚಾಗಿ ವ್ಯರ್ಥ. ಪರದೆಗಳನ್ನು ಹಾಕಿ, ಕೆಲವು ಅರ್ಧ ಸರಿದಿರಲಿ, ಒಂದು ಪೂರ್ತಿ ತೆರೆದಿರಲಿ. ಹಿಂದೆ ಒಳಗೋಡೆ, ನೆಲ, ಛಾವಣಿ ಇದ್ದರೆ ಸಾಕು. ಇದೇ ಲೆಕ್ಕದಿಂದ, ಬಿಸಿಲಿನ ಚಿತ್ರದಲ್ಲಿ ಕಿಟಕಿಗಳು ಒಳಗಿನ ದೀಪದಿಂದ ಹಳದಿಯಾಗಿ ಬೆಳಗುವುದು ಸಾಧ್ಯವೇ ಇಲ್ಲ. ಹಾಗೆ ತೋರಿಸಬೇಕೆಂದರೆ ಸೂರ್ಯ ಮುಳುಗಿದ ನಂತರದ ಸಮಯ ಆರಿಸಿಕೊಳ್ಳಿ. ಆಗ ದೀಪಗಳಿಗೆ 2,700–3,000 ಕೆಲ್ವಿನ್ ಕೊಡಿ.

ಪ್ರತಿಫಲನವೇ ಮುಖ್ಯವೆಂದ ಮೇಲೆ ಪ್ರತಿಫಲಿಸಲು ಏನಾದರೂ ಇರಬೇಕಲ್ಲ. ಕ್ಯಾಮೆರಾದ ಹಿಂದೆ ನೀವು ಏನನ್ನೂ ಇಟ್ಟಿಲ್ಲ, ಗಾಜಿನಲ್ಲಿ ಖಾಲಿ ನೀಲಿ ಕಾಣುತ್ತಿದೆ. ಹಿಂದೆ ನಾಲ್ಕೈದು ಮರ, ಎದುರು ಮನೆಯಂಥ ಒಂದು ಸರಳ ಪೆಟ್ಟಿಗೆ, ನೆಲ ಇಡಿ. ಗಾಜಿನ ಕೆಳಭಾಗದಲ್ಲಿ ಮರಗಳ ಕಪ್ಪು, ಮೇಲ್ಭಾಗದಲ್ಲಿ ಮೋಡದ ಬಿಳಿ ಬರುತ್ತದೆ. ಮರದ ಕಪ್ಪು ಪ್ರತಿಫಲಿಸುವ ಜಾಗದಲ್ಲಿ ಒಳಗಿನ ಪರದೆಯೂ ಕಾಣತೊಡಗುತ್ತದೆ. ಬಳಿಕ ಪ್ರತಿ ಗಾಜನ್ನೂ 0.1ರಿಂದ 0.3 ಡಿಗ್ರಿಯಷ್ಟು ಬೇರೆ ಬೇರೆ ಕಡೆಗೆ ವಾಲಿಸಿ, ಕಾಣಿಸದಷ್ಟು ದುರ್ಬಲವಾದ, ಅರ್ಧ ಮೀಟರ್ ಅಲೆಯ ಬಂಪ್ ಕೊಡಿ. ಒಂದು ಕಿಟಕಿಯ ಪ್ರತಿಫಲನ ಪಕ್ಕದ ಕಿಟಕಿಯ ಜೊತೆ ಸರಿಯಾಗಿ ಕೂಡದೆ ಸ್ವಲ್ಪ ಮುರಿಯುವುದು ಫೋಟೊಗಳಲ್ಲಿ ಎಲ್ಲೆಡೆ ಕಾಣುವ ಗುರುತು.

ಗಾಜಿನ ಜ್ಯಾಮಿತಿಯಲ್ಲಿ ಒಂದು ಗುಂಡಿ ಇದೆ. ಒಂದೇ ಪದರದ ಮೇಲ್ಮೈಗೆ ಗ್ಲಾಸ್ ಶೇಡರ್ ಹಾಕಿದರೆ ಅದರ ಹಿಂದಿರುವ ಇಡೀ ಕೋಣೆ ಘನ ಗಾಜು ಎಂದು ರೆಂಡರರ್ ಭಾವಿಸುತ್ತದೆ, ಒಳಗಿನದು ವಕ್ರವಾಗಿ ಕಾಣುತ್ತದೆ. 5–6 ಮಿ.ಮೀ. ದಪ್ಪ ಕೊಡಿ, ಐಒಆರ್ (ವಕ್ರೀಭವನ ಸೂಚ್ಯಂಕ) 1.5 ಇರಲಿ. ದಪ್ಪ ಕೊಟ್ಟ ಮೇಲೂ ಸೈಕಲ್ಸ್‌ನಲ್ಲಿ ಬಿಸಿಲು ಗಾಜನ್ನು ದಾಟಿ ಸರಿಯಾಗಿ ಒಳಗೆ ಬರುವುದಿಲ್ಲ, ಕೋಣೆ ಕತ್ತಲಾಗುತ್ತದೆ. ಲೈಟ್ ಪಾತ್ ನೋಡ್‌ನ ‘ಈಸ್ ಶ್ಯಾಡೊ ರೇ’ ಬಳಸಿ, ನೆರಳಿನ ಕಿರಣಗಳಿಗೆ ಮಾತ್ರ ಗಾಜು ಟ್ರಾನ್ಸ್‌ಪರೆಂಟ್ ಆಗುವಂತೆ ಮಿಕ್ಸ್ ಶೇಡರ್‌ನಲ್ಲಿ ಜೋಡಿಸಿ. ವಿ-ರೇಯಲ್ಲಿ ಇದಕ್ಕೆ ‘ಅಫೆಕ್ಟ್ ಶ್ಯಾಡೋಸ್’ ಗುರುತು ಹಾಕಿದರೆ ಆಯಿತು.

ಹುಲ್ಲು ಮತ್ತು ಮರ

ಹುಲ್ಲಿನ ಬಣ್ಣವೇ ಮೊದಲ ತಪ್ಪು. ನಾವು ಹಸಿರೆಂದು ನೆನಪಿಟ್ಟುಕೊಂಡಿರುವುದಕ್ಕಿಂತ ನಿಜವಾದ ಹುಲ್ಲು ಬಹಳ ಕಪ್ಪು, ಹಳದಿ ಕಡೆಗೆ ವಾಲಿದ ಬಣ್ಣ. ಎಸಳಿನ ಬಣ್ಣವನ್ನು 65, 85, 40ರ ಸುತ್ತ ಇಟ್ಟು ಶುರುಮಾಡಿ. ತೀರ ಕಪ್ಪಾಯಿತಲ್ಲ ಎನ್ನಿಸುತ್ತದೆ, ಬಿಸಿಲು ಬಿದ್ದ ಮೇಲೆ ಸರಿಹೋಗುತ್ತದೆ. ಗಾಢ ಹಸಿರು ಇಟ್ಟರೆ ಆ ಹಸಿರು ಪುಟಿದು ಬಿಳಿ ಗೋಡೆಯ ಬುಡವನ್ನೂ ಸಜ್ಜಾದ ಕೆಳಮೈಯನ್ನೂ ಬಣ್ಣಗೆಡಿಸುತ್ತದೆ.

ಕಾರ್ಪೆಟ್‌ನಂತೆ ಕಾಣುವುದಕ್ಕೆ ಎಲ್ಲ ಎಸಳುಗಳೂ ಒಂದೇ ಎತ್ತರ, ಒಂದೇ ಸಾಂದ್ರತೆ ಇರುವುದು ಕಾರಣ. 3ರಿಂದ 7 ಸೆಂ.ಮೀ. ವರೆಗಿನ ಮೂರು ನಾಲ್ಕು ಬಗೆಯ ಗುಚ್ಛಗಳನ್ನು ಬೆರೆಸಿ. ದೊಡ್ಡ ನಾಯ್ಸ್ ಒಂದರಿಂದ ಸಾಂದ್ರತೆಯನ್ನು ನಿಯಂತ್ರಿಸಿ, ಅಲ್ಲಲ್ಲಿ ಮಣ್ಣು ಇಣುಕಲಿ, ಒಂದಷ್ಟು ಎಸಳು ಒಣಗಿರಲಿ. ಹುಲ್ಲು ಗೋಡೆಗೆ ಅಥವಾ ಕಲ್ಲುಹಾಸಿಗೆ ಸೇರುವ ಗೆರೆಯಲ್ಲಿ ಹೆಚ್ಚು ಸಮಯ ಕೊಡಿ. ಅಲ್ಲಿ ಎಸಳುಗಳು ಸ್ವಲ್ಪ ಉದ್ದವಾಗಿ, ಅಂಚಿನ ಮೇಲೆ ಬಾಗಿರಬೇಕು. ಚಾಕುವಿನಿಂದ ಕತ್ತರಿಸಿದಂತೆ ನಿಂತರೆ ಹುಲ್ಲು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಕ್ಯಾಮೆರಾದಿಂದ 20 ಮೀಟರ್ ಆಚೆಗೆ ಸಾಂದ್ರತೆ ಅರ್ಧಕ್ಕಿಳಿಸಿದರೂ ಗೊತ್ತಾಗುವುದಿಲ್ಲ, ಮೆಮೊರಿ ಉಳಿಯುತ್ತದೆ.

ಎಲೆಗೆ ಟ್ರಾನ್ಸ್‌ಲ್ಯೂಸೆಂಟ್ ಬೇಕೇ ಬೇಕು. ಎಲೆ ಹಸಿರು ಬೆಳಕಿನ ಹೆಚ್ಚುಕಡಿಮೆ ಹತ್ತನೇ ಒಂದು ಭಾಗವನ್ನು ಪ್ರತಿಫಲಿಸುತ್ತದೆ, ಹೆಚ್ಚುಕಡಿಮೆ ಅಷ್ಟನ್ನೇ ತನ್ನ ಮೂಲಕ ಆಚೆಗೆ ಬಿಡುತ್ತದೆ. ಬಿಸಿಲಿಗೆ ಎದುರಾಗಿ ನೋಡಿದಾಗ ಮರ ಹೊಳೆಯುವುದು ಇದರಿಂದಲೇ. ಮರದ ಒಳಭಾಗ ಇದ್ದಕ್ಕಿದ್ದಂತೆ ಕಪ್ಪು ಮಸಿಯಾಗಿದ್ದರೆ ಮೊದಲು ಟ್ರಾನ್ಸ್‌ಪರೆಂಟ್ ಬೌನ್ಸ್ ನೋಡಿ. ಸೈಕಲ್ಸ್‌ನಲ್ಲಿ ಅದು ಮೊದಲೇ 8 ಇರುತ್ತದೆ. ಆಲ್ಫಾದಿಂದ (ಚಿತ್ರದ ಪಾರದರ್ಶಕತೆ) ಆಕಾರ ಕತ್ತರಿಸಿದ ಎಲೆಗಳು ಸಾಲಾಗಿ ಎಂಟು ಬಂದರೆ ಕಿರಣ ಅಲ್ಲಿಗೇ ನಿಲ್ಲುತ್ತದೆ. 32ಕ್ಕೆ ಏರಿಸಿ. ಇರುವ ಎರಡು ಮರ ಒಂದೇ ಮಾಡೆಲ್ ಆಗಿದ್ದರೆ ಒಂದನ್ನು ತಿರುಗಿಸಿ, ಗಾತ್ರ 15% ಬದಲಿಸಿ, ತುಸು ವಾಲಿಸಿ.

ಕ್ಯಾಮೆರಾ

ಕಣ್ಣಿನ ಎತ್ತರ 1.5–1.7 ಮೀಟರ್, ಫೋಕಲ್ ಲೆಂತ್ 36 ಮಿ.ಮೀ. ಸೆನ್ಸರ್‌ಗೆ 24ರಿಂದ 35 ಮಿ.ಮೀ. ಇಡೀ ಮನೆ ಹಿಡಿಸಬೇಕೆಂದು 16–18 ಮಿ.ಮೀ.ಗೆ ಇಳಿಸಿದರೆ ಮೂಲೆಗಳು ಎಳೆದಂತಾಗುತ್ತವೆ. ಅದರ ಬದಲು ಹಿಂದೆ ಸರಿಯಿರಿ. ನೆಟ್ಟಗಿನ ಗೆರೆಗಳು ನೆಟ್ಟಗೇ ಇರಲಿ: ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡದೆ, ಮಟ್ಟವಾಗಿಟ್ಟು, ಶಿಫ್ಟ್ ವೈ ಏರಿಸಿ ಮನೆಯನ್ನು ಚೌಕಟ್ಟಿಗೆ ತನ್ನಿ. ವಾಸ್ತುಶಿಲ್ಪದ ಛಾಯಾಗ್ರಾಹಕರು ಶಿಫ್ಟ್ ಲೆನ್ಸ್‌ನಿಂದ ಮಾಡುವುದೂ ಇದನ್ನೇ.

ಹಿನ್ನೆಲೆ ಮಸುಕು ಮಾಡುವ ಆಸೆ ಬಿಡಿ. 24 ಮಿ.ಮೀ. ಲೆನ್ಸ್‌ನಲ್ಲಿ ಎಫ್/8 ಇಟ್ಟು 2.4 ಮೀಟರ್‌ಗೆ ಫೋಕಸ್ ಮಾಡಿದರೆ 1.2 ಮೀಟರ್‌ನಿಂದ ದಿಗಂತದವರೆಗೆ ಎಲ್ಲ ಸ್ಪಷ್ಟ. ಮನೆಯ ಫೋಟೊದಲ್ಲಿ ಮಸುಕು ಇದ್ದರೆ ಮೆದುಳು ಅದನ್ನು ಅಂಗೈಯಗಲದ ಮಾದರಿ ಎಂದೇ ಓದುತ್ತದೆ. ರೆಂಡರ್ ಆದ ಮೇಲೆ ಹಾಕುವ ಗ್ಲೋ, ವಿನ್ಯೆಟ್, ಗ್ರೇನ್ ಎಲ್ಲವೂ ಅರೆಪಾವು ಇರಲಿ. ಚಿತ್ರವನ್ನು ಇಎಕ್ಸ್‌ಆರ್‌ನಲ್ಲಿ (ಬೆಳಕಿನ ಪೂರ್ತಿ ಮಾಹಿತಿ ಉಳಿಸುವ ಫೈಲ್ ಬಗೆ) ಉಳಿಸಿಕೊಂಡರೆ ಎಕ್ಸ್‌ಪೋಷರ್ ತಿದ್ದಲು ಮತ್ತೆ ರೆಂಡರ್ ಮಾಡಬೇಕಿಲ್ಲ.

ನೀವು ಕೇಳಿದ ಆಯ್ಕೆಗಳು

ಗ್ರಾಫಿಕ್ಸ್ ಕಾರ್ಡ್ ನಿಮ್ಮ ಎರಡು ಗಂಟೆಯನ್ನು ಕಡಿಮೆ ಮಾಡುತ್ತದೆ, ಚಿತ್ರವನ್ನು ಬದಲಿಸುವುದಿಲ್ಲ. ಸ್ಯಾಂಪಲ್ 400ಕ್ಕೆ, ಟೆಕ್ಸ್ಚರ್ 2ಕೆಗೆ ಇಳಿಸಿದರೆ ಸಮಯ ಈಗಿನ ಕಾರ್ಡ್‌ನಲ್ಲೇ ಬಹುಪಾಲು ಇಳಿಯುತ್ತದೆ. ಹುಲ್ಲು, ಮರ ಸೇರಿಸಿದಾಗ ಮೆಮೊರಿ ಸಾಲದೆ ರೆಂಡರ್ ನಿಂತುಹೋಗತೊಡಗಿದರೆ ಆಗ ಕೊಳ್ಳುವ ಯೋಚನೆ ಮಾಡಿ. ಕೊಳ್ಳುವಾಗ ವೇಗಕ್ಕಿಂತ ಮೆಮೊರಿಗೆ ಆದ್ಯತೆ ಕೊಡಿ.

ಲೂಮಿಯನ್, ಎನ್‌ಸ್ಕೇಪ್, ಟ್ವಿನ್‌ಮೋಷನ್‌ನಂಥ ರಿಯಲ್ ಟೈಮ್ (ಬದಲಾವಣೆಯನ್ನು ತಕ್ಷಣ ತೋರಿಸುವ) ಸಾಫ್ಟ್‌ವೇರ್‌ಗಳಿಗೆ ಹೋದರೆ ವೇಗ ನಿಜಕ್ಕೂ ಸಿಗುತ್ತದೆ. ಮನೆಯ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬದಲಾವಣೆ ಮಾಡಬೇಕಾದ ಕೆಲಸಕ್ಕೆ ಅವು ಒಳ್ಳೆಯವು. ಆದರೆ ರಿಯಲ್ ಟೈಮ್ ವಿಧಾನದಲ್ಲಿ ಗಾಜಿನ ಪ್ರತಿಫಲನ ಮತ್ತು ಪುಟಿದ ಬೆಳಕು ಅಂದಾಜಿನವು. ಅವುಗಳ ಜೊತೆ ಬರುವ ಮರ, ಕಾರು, ಮನುಷ್ಯರನ್ನು ಎಲ್ಲರೂ ಬಳಸುವುದರಿಂದ ಚಿತ್ರಗಳೂ ಒಂದೇ ಅಚ್ಚಿನವಾಗುತ್ತವೆ. ಅಲ್ಲೂ 231ರ ಬಿಳಿ, ಅಂಚಿನ ದುಂಡು, ಕ್ಯಾಮೆರಾದ ಹಿಂದಿನ ಮರಗಳು ಬೇಕೇ ಬೇಕು.

ನೀವು ಕೇಳದ ಒಂದು ಆಯ್ಕೆಯೂ ಇದೆ: ನಿವೇಶನದ ನಿಜವಾದ ಫೋಟೊದಲ್ಲಿ ಮನೆಯನ್ನು ಕೂರಿಸುವುದು. ಮರ, ರಸ್ತೆ, ಆಕಾಶ ಎಲ್ಲವೂ ನಿಜದ್ದೇ ಆದ್ದರಿಂದ ಅರ್ಧ ಕೆಲಸ ಮುಗಿದಂತೆ. ಫೋಟೊ ತೆಗೆಯುವಾಗ ಲೆನ್ಸ್‌ನ ಎತ್ತರ, ಫೋಕಲ್ ಲೆಂತ್, ದಿನಾಂಕ, ಸಮಯ, ಕ್ಯಾಮೆರಾ ನೋಡುತ್ತಿದ್ದ ದಿಕ್ಕು ಬರೆದಿಟ್ಟುಕೊಳ್ಳಿ. ಸಮಯದಿಂದ ಸೂರ್ಯನ ಸ್ಥಾನ ಲೆಕ್ಕ ಹಾಕಬಹುದು. ಎತ್ತರ 20 ಸೆಂ.ಮೀ. ತಪ್ಪಿದರೂ ಮನೆ ತೇಲಿದಂತೆ ಕಾಣುತ್ತದೆ. ಕೋನ ಬದಲಿಸಬೇಕೆಂದರೆ ಹೊಸ ಫೋಟೊ ಬೇಕು ಎನ್ನುವುದು ಇದರ ಮಿತಿ.

ಎಐ ವಿಷಯದಲ್ಲಿ ಎಚ್ಚರಿಕೆ ಇರಲಿ. ಇಡೀ ಚಿತ್ರ ಕೊಟ್ಟು ‘ನೈಜ ಮಾಡು’ ಎಂದರೆ ಫಲಿತಾಂಶ ಮೊದಲ ನೋಟಕ್ಕೆ ಬೆರಗು ಹುಟ್ಟಿಸುತ್ತದೆ. ಎಣಿಸಿ ನೋಡಿದಾಗ ರೇಲಿಂಗ್‌ನ ಕಂಬಿಗಳ ಸಂಖ್ಯೆ ಬದಲಾಗಿರುತ್ತದೆ, ಕಿಟಕಿಯ ಚೌಕಟ್ಟು ದಪ್ಪವಾಗಿರುತ್ತದೆ, ಇಟ್ಟಿಗೆಯ ವರಸೆಗಳು ಕೂಡುವುದಿಲ್ಲ, ಸಜ್ಜಾದ ಚಾಚು ಉದ್ದವಾಗಿರುತ್ತದೆ. ಮಾಲೀಕರು ಆ ಚಿತ್ರ ನೋಡಿ ಒಪ್ಪಿಗೆ ಕೊಟ್ಟರೆ, ಕಟ್ಟುವುದು ಮಾತ್ರ ನಿಮ್ಮ ನಕ್ಷೆಯ ಮನೆಯನ್ನು. ಆ ಜಗಳಕ್ಕೆ ಹೊಣೆ ನೀವೇ ಆಗುತ್ತೀರಿ. ಬಳಸುವುದಾದರೆ ಮಾಸ್ಕ್ ಹಾಕಿ ಎಲೆ, ಹುಲ್ಲು, ದೂರದ ಮರ, ಮನುಷ್ಯರು ಇಷ್ಟಕ್ಕೆ ಮಾತ್ರ ಬಳಸಿ. ಬದಲಾವಣೆಯ ಪ್ರಮಾಣ 0.2–0.3ರ ಒಳಗಿರಲಿ, ಕಟ್ಟಡದ ಒಂದು ಪಿಕ್ಸೆಲ್ ಕೂಡ ಅದಕ್ಕೆ ಕೊಡಬೇಡಿ. ಮುಗಿದ ಮೇಲೆ ಮೂಲ ರೆಂಡರ್ ಅನ್ನು ಮೇಲಿನ ಪದರವಾಗಿಟ್ಟು ಡಿಫರೆನ್ಸ್ ಮೋಡ್‌ನಲ್ಲಿ ಹೋಲಿಸಿ. ಮನೆಯ ಭಾಗ ಪೂರ್ತಿ ಕಪ್ಪಾಗಿ ಬಂದರೆ ಚಿತ್ರವನ್ನು ಮಾಲೀಕರಿಗೆ ಕಳಿಸಬಹುದು.